ಕಪ್ಪೆಚಿಪ್ಪಿನೊಳಗಿನ ನುಸಿ ಸಂಸಾರ ನೋಡುವುದು ಹೇಗೆ?

ನುಸಿ ಅಂದರೆ ಬಳ್ಳಾರಿ, ರಾಯಚೂರಿನ ಮೆಣಸಿನಕಾಯಿ ರೈತರಿಗೆ ಬೆಳೆ ಕೆಡಿಸುವ ಹುಳ. ಆದರೆ ನೀರಲ್ಲೂ ನುಸಿಗಳಿವೆ. ಯೂನಿಯೋನಿಕೋಲಾ ಕುಲದ ಹಲವು ನುಸಿಗಳು ಸಿಹಿನೀರಿನ ಕಪ್ಪೆಚಿಪ್ಪಿನೊಳಗೇ ವಾಸ ಮಾಡಿ, ಅಲ್ಲೇ ಕೂಡಿ, ಅದರ ಮೈಯೊಳಗೇ ಮೊಟ್ಟೆ ಇಡುತ್ತವೆ. ಇವನ್ನು ನೋಡಲು ಬದುಕಿರುವ ಚಿಪ್ಪನ್ನು ಸೀಳಬೇಕಿಲ್ಲ, ದಯವಿಟ್ಟು ಸೀಳಬೇಡಿ.

ಮೊದಲು, ಬೇಸಿಗೆಯಲ್ಲಿ ಗಂಗಾವತಿ, ಸಿರುಗುಪ್ಪ ಕಡೆ ಕಾಲುವೆಗೆ ನೀರು ಬಿಡುವುದು ನಿಂತಾಗ ಕೆಸರಲ್ಲಿ ಹುಡುಕಿ. ಆಗಷ್ಟೇ ಸತ್ತ ಚಿಪ್ಪು ಬಾಯಿ ತೆರೆದಿರುತ್ತದೆ, ಮುಟ್ಟಿದರೂ ಮುಚ್ಚಿಕೊಳ್ಳುವುದಿಲ್ಲ, ಆದರೆ ಇನ್ನೂ ನಾರುತ್ತಿರುವುದಿಲ್ಲ. ಹೊಳೆಗೆ ಮಾತ್ರ ಇಳಿಯಬೇಡಿ, ತುಂಗಭದ್ರೆಯಲ್ಲಿ ಮೊಸಳೆಗಳಿವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನೀರುನಾಯಿಗಳ ಮೀಸಲು ಪ್ರದೇಶ, ಅಲ್ಲಿಂದ ಏನನ್ನೂ ಎತ್ತಬೇಡಿ.

ಆಮೇಲೆ ಬಿಳಿ ತಟ್ಟೆಗೆ ಅದೇ ಕಾಲುವೆಯ ನೀರು ಹಾಕಿ, ಚಿಪ್ಪು ಬಿಡಿಸಿ, ಕಿವಿರಿನ ಮಡಿಕೆಗಳನ್ನು ಭೂತಗನ್ನಡಿಯಲ್ಲಿ ನಿಧಾನವಾಗಿ ನೋಡಿ. ಎಂಟು ಕಾಲಿನ, ಸಾಸಿವೆಗಿಂತ ಚಿಕ್ಕ ಚುಕ್ಕೆ ಓಡಾಡಿದರೆ ಅದೇ ನುಸಿ. ಎಷ್ಟಿವೆ, ಎಲ್ಲಿವೆ ಅಂತ ಬರೆದಿಡಿ. ಗಂಡು ಯಾವುದು, ಹೆಣ್ಣು ಯಾವುದು ಅಂತ ತಿಳಿಯಲು ಕಾಲೇಜಿನ ಸೂಕ್ಷ್ಮದರ್ಶಕವೇ ಬೇಕು.

ಈ ಎಣಿಕೆ ಯಾಕೆ ಮುಖ್ಯ? ಅಮೆರಿಕದ ಯೂನಿಯೋನಿಕೋಲಾ ಫಾರ್ಮೋಸಾ ಎಂಬ ಜಾತಿಯಲ್ಲಿ ಒಂದು ಚಿಪ್ಪಿನೊಳಗೆ ಸಾಮಾನ್ಯವಾಗಿ ಒಂದೇ ಗಂಡು, ಹಲವು ಹೆಣ್ಣು ಸಿಗುತ್ತವೆ. ಇದು ಸುಮ್ನೆ ಆದದ್ದಲ್ಲ. ಇನ್ನೊಂದು ಗಂಡು ಒಳಗೆ ಬಂದರೆ ಎರಡೂ ಹೊಡೆದಾಡುತ್ತವೆ, ಎಷ್ಟೋ ಸಲ ಒಂದು ಸಾಯುವವರೆಗೂ ಬಿಡುವುದಿಲ್ಲ ಅಂತ ವಿಜ್ಞಾನಿ ರೊನಾಲ್ಡ್ ಡಿಮಾಕ್ 1983ರಲ್ಲಿ ತೋರಿಸಿದರು. ಹೆಣ್ಣುಗಳೆಲ್ಲ ಒಂದೇ ಚಿಪ್ಪಿನಲ್ಲಿ ಸೇರಿರುವುದರಿಂದ, ಚಿಪ್ಪು ಹಿಡಿದ ಗಂಡಿಗೆ ಅವೆಲ್ಲವೂ ಸಿಕ್ಕಂತೆ, ಅಲ್ವಾ? ಮೊಟ್ಟೆಯಿಂದ ಬಂದ ಆರು ಕಾಲಿನ ಮರಿ ಹೊರಗೆ ಹೋಗಿ ಕಚ್ಚದ ಸೊಳ್ಳೆಯಂಥ ಹುಳದ ಮೈಗೆ ಅಂಟಿಕೊಳ್ಳುತ್ತದೆ. ಮುಂದೆ ಬೆಳೆಯಲು ಮತ್ತೆ ಚಿಪ್ಪನ್ನೇ ಹುಡುಕಿಕೊಳ್ಳಬೇಕು.

ಹುಡುಕುವುದು ಹೇಗೆ ಅನ್ನುವುದನ್ನು ನೀವೇ ಪರೀಕ್ಷಿಸಬಹುದು. ನುಸಿಯನ್ನು ಡ್ರಾಪರ್‌ನಿಂದ ಎತ್ತಿ ಹಳೆಯ ನೀರು ಬರದ ಹಾಗೆ ಚಿಪ್ಪಿಲ್ಲದ ಕಡೆಯ ಕಾಲುವೆ ನೀರಿಗೆ ಬಿಟ್ಟು, ಒಂದು ಬದಿಯಿಂದ ಟಾರ್ಚ್ ಹಿಡಿಯಿರಿ. ಅದೇ ಜಾತಿಯ ಬದುಕಿರುವ ಚಿಪ್ಪೊಂದನ್ನು ಕೆಲವು ಗಂಟೆ ಬಕೆಟ್ಟಿನಲ್ಲಿಟ್ಟು, ಸಿಕ್ಕ ಜಾಗಕ್ಕೇ ವಾಪಸ್ ಬಿಟ್ಟು, ಆ ನೀರನ್ನು ತಟ್ಟೆಗೆ ಸೇರಿಸಿ. 1930ರಲ್ಲಿ ವಿಜ್ಞಾನಿ ಜಾನ್ ವೆಲ್ಷ್ ಇದೇ ಕುಲದ ಇನ್ನೊಂದು ಜಾತಿಯಲ್ಲಿ ಕಂಡದ್ದು ಇದು: ಬೆಳಕಿನತ್ತ ಈಜುತ್ತಿದ್ದ ನುಸಿ, ಚಿಪ್ಪಿನ ನೀರು ತಾಗಿದ್ದೇ ಕತ್ತಲ ಕಡೆ ತಿರುಗಿತು. ನಿಮ್ಮ ತಟ್ಟೆಯ ನುಸಿ ಯಾವ ಕಡೆ ಹೋಯಿತು, ತಾರೀಖು, ಕಾಲುವೆಯ ಹೆಸರು ಸಮೇತ ಬರೆದಿಡಿ.