ಬ್ಯಾರೈಟ್ ಹರಳಿನ ತುಕ್ಕು ತೆಗೆದ ಹೈಡ್ರೋಸ್

"ಬೆಲ್ಲ ಬಿಳಿ ಮಾಡೋ ಪುಡಿಯಲ್ಲಿ ಕಲ್ಲು ತೊಳೀತೀಯಾ?" ಅಂತ ಹರಳು ಕೂಡಿಡುವ ಗೆಳೆಯರು ನಕ್ಕಿದ್ದರು. ಆ ಪುಡಿಯೇ ಹೈಡ್ರೋಸ್, ಅಂದರೆ ಸೋಡಿಯಂ ಡೈಥಯೋನೈಟ್. ಈಗ ಅವರೇ ತಮ್ಮ ಪೀಸುಗಳನ್ನು ಪೇಪರಿನಲ್ಲಿ ಸುತ್ತಿ ತರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಬ್ಯಾರೈಟ್ (ಬೇರಿಯಂ ಸಲ್ಫೇಟ್ ಖನಿಜ) ಹರಳುಗಳು ಆಂಧ್ರದ ಕಡಪ ಜಿಲ್ಲೆಯ ಪುಲಿವೆಂದುಲ ಕಡೆಯವು. ಮಂಗಂಪೇಟೆ ಗಣಿಯ ಹೆಸರು ದೊಡ್ಡದು, ಆದರೆ ಅಲ್ಲಿಯದು ಪದರದ ಬ್ಯಾರೈಟ್. ನನಗೆ ಬೇಕಿದ್ದದ್ದು ವೇಂಪಲ್ಲೆ ಡಾಲಮೈಟ್ ಅನ್ನುವ ಸುಣ್ಣಕಲ್ಲಿನಂಥ ಬಂಡೆಯ ಬಿರುಕುಗಳಲ್ಲಿ ಓಡುವ ವೇನ್, ಅಂದರೆ ಖನಿಜ ತುಂಬಿದ ಗೆರೆ. ಪೊಳ್ಳು ಸಿಕ್ಕ ಕಡೆ ಚಪ್ಪಟೆ ಹರಳುಗಳು ನಿಂತಿರುತ್ತವೆ. ಮೇಲೆಲ್ಲ ಕಾವಿ ಬಳಿದ ಹಾಗೆ ತುಕ್ಕು.

ಎಲ್ಲರೂ ಹೇಳಿದ್ದು ಟಾಯ್ಲೆಟ್ ಆಸಿಡ್. ಅದು ಬ್ಯಾರೈಟ್‌ಗೆ ಏನೂ ಮಾಡುವುದಿಲ್ಲ, ನಿಜ. ಆದರೆ ಕೆಳಗಿನ ಡಾಲಮೈಟ್ ತಿಂದು ಹಾಕಿತು. ಎಂಟುನೂರು ಕೊಟ್ಟ ಹರಳಿನ ಗುಂಪು ಬುಡ ಬಿಟ್ಟು ಬಕೆಟ್ ತಳ ಸೇರಿತು. ಆಮೇಲೆ ಆಕ್ಸಾಲಿಕ್ ಆಸಿಡ್. ಕ್ವಾರ್ಟ್ಜ್‌ಗೆ ಅದು ಸರಿ. ಇಲ್ಲಿ ಡಾಲಮೈಟಿನ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಪೊರೆ ಕಟ್ಟಿತು, ಉಜ್ಜಿದರೂ ಜಪ್ಪಯ್ಯ ಅನ್ನಲಿಲ್ಲ. ಅಲ್ಟ್ರಾಸಾನಿಕ್ ಮೆಷಿನ್‌ಗೆ ಮೂರು ಸಾವಿರದ ಹತ್ತಿರ ಸುರಿದೆ. ಬ್ಯಾರೈಟ್ ಸುಲಭವಾಗಿ ಸೀಳುವ ಕಲ್ಲು ಅಲ್ವಾ, ಒಳ್ಳೊಳ್ಳೆ ಅಂಚುಗಳೇ ಉದುರಿದವು. ಆ ಮೆಷಿನ್ ಈಗ ಮನೆಯವಳ ಕಾಲ್ಗೆಜ್ಜೆ ತೊಳೆಯುತ್ತದೆ.

ಹೈಡ್ರೋಸ್ ಬಟ್ಟೆ ಬಣ್ಣದ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮಂಡ್ಯದ ಆಲೆಮನೆಗಳಿಗೂ ಪರಿಚಿತ. ಕಿಲೋಗೆ ಮುನ್ನೂರರ ಆಸುಪಾಸು ಕೊಟ್ಟ ನೆನಪು. ಒಂದು ಲೀಟರ್ ಬ್ಯಾಟರಿ ನೀರಿಗೆ ಸೋಡಿಯಂ ಸಿಟ್ರೇಟ್ 70 ಗ್ರಾಂ, ಅಡುಗೆ ಸೋಡಾ 8-9 ಗ್ರಾಂ, ಕೊನೆಗೆ ಹೈಡ್ರೋಸ್ 20 ಗ್ರಾಂ. ಹರಳು ಮುಳುಗಿಸಿದ ಡಬ್ಬಿ ಕತ್ತಿನವರೆಗೂ ತುಂಬಿರಬೇಕು, ಗಾಳಿ ಸೇರಿದರೆ ಕಸುವು ಹೋಗುತ್ತದೆ. ಮುಚ್ಚಳ ತೀರಾ ಬಿಗಿ ಬೇಡ. ಬೇಗ ಆಗಲಿ ಅಂತ ಒಲೆ ಮೇಲೆ ಇಡಬೇಡಿ, ಬಿಸಿಗೆ ಹರಳು ಪಟ್ ಅಂತ ಬಿರುಕು ಬಿಡುತ್ತದೆ. ದಿನಕ್ಕೊಮ್ಮೆ ಚೆಲ್ಲಿ ಹೊಸದು ಹಾಕುತ್ತೇನೆ. ಮೊದಲು ಹರಳಿನ ಅಂಚು ಬೆಳ್ಳಗೆ ಇಣುಕುತ್ತದೆ. ಹರಳಿಗೆ ಹರಳು ಕೂಡುವ ಸಂದಿಯಲ್ಲಿ ಮಾತ್ರ ಕಂದು ಗೆರೆ ಹಟ ಹಿಡಿದು ಕೂತಿರುತ್ತದೆ. ಆ ಗೆರೆಗೆ ನನ್ನದೊಂದು ಉಪಾಯ ಇದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಉದುರಿದ ಚೂರುಗಳನ್ನು ಸುಮ್ನೆ ಬಿಸಾಡಲಿಲ್ಲ. ದಾರದಲ್ಲಿ ಕಟ್ಟಿ, ಗಾಳಿಯಲ್ಲೊಮ್ಮೆ ನೀರಿನಲ್ಲೊಮ್ಮೆ ತೂಗಿದೆ. ಸಾಪೇಕ್ಷ ಸಾಂದ್ರತೆ 4.4ರ ಹತ್ತಿರ ಬಂತು. ಪುಸ್ತಕದಲ್ಲಿ 4.5 ಇದೆ, ಅಡುಗೆಮನೆ ತಕ್ಕಡಿಗೆ ಇದೇನು ಕಮ್ಮಿಯಲ್ಲ. ಪುಡಿಯನ್ನು ಬರ್ನರ್‌ಗೆ ಹಿಡಿದರೆ ತಿಳಿಹಸಿರು ಜ್ವಾಲೆ. ನೋಡಲು ಹೀಗೇ ಇರುವ ಸೆಲೆಸ್ಟೈಟ್ (ಸ್ಟ್ರಾಂಷಿಯಂ ಖನಿಜ) ಆಗಿದ್ದರೆ ಕೆಂಪಾಗಬೇಕಿತ್ತು. ಬೇರಿಯಂ ಅಂದರೆ ವಿಷ ಅಲ್ವಾ ಅಂತ ಮನೆಯವಳು ಗಾಬರಿಯಾದಳು. ಎಕ್ಸ್‌ರೇಗೆ ಮುಂಚೆ ಕುಡಿಸುವುದು ಇದೇ ಬೇರಿಯಂ ಸಲ್ಫೇಟ್, ಕರಗುವುದೇ ಇಲ್ಲ ಅಂದೆ. ತಕ್ಕಡಿ ಮಾತ್ರ ವಾಪಸ್ ಕಿತ್ತುಕೊಂಡಳು.

ಹರಳಿನ ಒಳಗೇ ಸಿಕ್ಕಿಕೊಂಡ ಕೆಂಪು ಹೈಡ್ರೋಸ್‌ನಿಂದ ಹೋಗುವುದಿಲ್ಲ. ಸುಮ್ನೆ ದುಡ್ಡು ದಂಡ. ಕಿಟಕಿ ತೆಗೆದಿಡಿ, ಗಂಧಕದ ಘಾಟು ಮೂಗಿಗೆ ಹೊಡೆಯುತ್ತದೆ. ಆಸಿಡ್ ಜೊತೆ ಬೆರೆಸಲೇಬೇಡಿ. ಉಳಿದ ಹೈಡ್ರೋಸ್ ಪುಡಿಗೆ ನೀರಿನ ಹನಿ ತಾಗಬಾರದು, ಬಿಸಿಯೇರಿ ಹೊತ್ತಿಕೊಳ್ಳುವುದೂ ಉಂಟು. ನಾನು ಕಾಲು ಕಿಲೋಗಿಂತ ಜಾಸ್ತಿ ಮನೆಯಲ್ಲಿ ಇಡುವುದಿಲ್ಲ.