ಇಂಗ್ಲಿಷಿನ ‘ಗೆಟ್’ ಗೊಂದಲ ಮಾಡುತ್ತಿದ್ದರೆ ಹೀಗೆ ಮಾಡಿ

‘ಗೆಟ್’ ಅಂದರೆ ‘ಪಡೆ’ ಅಂತ ಒಂದೇ ಅರ್ಥ ಬಾಯಿಪಾಠ ಮಾಡಿಕೊಂಡವರು ಬೇಗ ತೊಡಕಿಗೆ ಸಿಕ್ಕುತ್ತಾರೆ. ಆ ಪದವನ್ನೇ ನೋಡುತ್ತಾ ಕೂರಬೇಡಿ. ಅದರ ಮುಂದೆ ಏನು ಬಂದಿದೆ ಅಂತ ನೋಡಿ.

ಮುಂದೆ ವಸ್ತು ಬಂದರೆ ‘ಸಿಗು’ ಅಥವಾ ‘ತಗೋ’. ‘ಐ ಗಾಟ್ ಎ ಲೆಟರ್’ ಅಂದರೆ ನನಗೆ ಪತ್ರ ಬಂತು. ‘ಗೆಟ್ ಟು’ ಆದಮೇಲೆ ಜಾಗದ ಹೆಸರಿದ್ದರೆ ತಲುಪು. ಗುಣ ಹೇಳುವ ಪದ ಬಂದರೆ ‘ಆಗು’: ‘ಇಟ್ಸ್ ಗೆಟಿಂಗ್ ಡಾರ್ಕ್’, ಅಂದರೆ ಕತ್ತಲಾಗುತ್ತಿದೆ. ‘ಐ ಗೆಟ್ ಇಟ್’ ಅಂತ ಯಾರಾದರೂ ಅಂದರೆ ಸಾಮಾನ್ಯವಾಗಿ ‘ಅರ್ಥವಾಯಿತು’ ಅಂತಲೇ.

ಎಲ್ಲರೂ ಜಾಸ್ತಿ ಎಡವುವುದು, ವಸ್ತು ಆದಮೇಲೆ ‘ರಿಪೇರ್ಡ್’ ಥರದ ಪದವೂ ಬಂದಾಗ. ‘ಐ ಗಾಟ್ ಮೈ ಫೋನ್ ರಿಪೇರ್ಡ್.’ ರಿಪೇರಿ ಮಾಡಿದ್ದು ನಾನಲ್ಲ, ಬೇರೆಯವರಿಂದ ಮಾಡಿಸಿದೆ. ‘ಐ ರಿಪೇರ್ಡ್ ಮೈ ಫೋನ್’ ಅಂದರೆ ಕೇಳುವವರು ನೀವೇ ಬಿಚ್ಚಿ ಸರಿಮಾಡಿದಿರಿ ಅಂದುಕೊಳ್ಳುತ್ತಾರೆ. ನಮ್ಮ ‘ಮಾಡು–ಮಾಡಿಸು’, ‘ತೊಳೆ–ತೊಳೆಸು’ ಇದೆಯಲ್ವಾ, ಆ ‘ಇಸು’ ಮಾಡುವ ಕೆಲಸವನ್ನೇ ಇಲ್ಲಿ ‘ಗೆಟ್’ ಮಾಡುತ್ತದೆ. ಇದು ನನಗೆ ತುಂಬಾ ಇಷ್ಟವಾದ ಹೋಲಿಕೆ, ಕಲಿಯುವ ಮಕ್ಕಳಿಗೂ ತಟ್ಟನೆ ಹಿಡಿಸುತ್ತದೆ.

‘ಗೆಟ್ ಅಪ್’ (ಏಳು), ‘ಗೆಟ್ ಓವರ್’ (ಚೇತರಿಸಿಕೋ) ಥರದ ಜೋಡಿಗಳನ್ನು ಮಾತ್ರ ಬಿಡಿಸಬೇಡಿ. ಇಡೀ ಜೋಡಿಯನ್ನೇ ಒಂದು ಪದ ಅಂತ ವಾಕ್ಯದ ಸಮೇತ ಬರೆದಿಟ್ಟುಕೊಳ್ಳಿ.