ಸೈಡ್ ಮಿರರಿನಿಂದ ನನ್ನ ಕಾರನ್ನೇ ಹೊರಗಿಟ್ಟೆ

ನಿಮ್ಮ ಕಾರಿನ ಸೈಡ್ ಮಿರರಿನಲ್ಲಿ ನಿಮ್ಮದೇ ಕಾರಿನ ಹಿಂಬಾಗಿಲು ಎಷ್ಟು ಕಾಣುತ್ತದೆ? ತುಂಬಾ ಜನರ ಕನ್ನಡಿಯಲ್ಲಿ ಕಾಲು ಭಾಗವನ್ನು ಅದೇ ನುಂಗಿರುತ್ತದೆ. ಬಾಗಿಲಿನ ಹಿಡಿ ಕಾಣಬೇಕು, ಉಳಿದ ಜಾಗದಲ್ಲಿ ರಸ್ತೆ ಕಾಣಬೇಕು ಅಂತ ನನಗೂ ಕಲಿಸಿದ್ದರು. ಈಗ ನಾನು ಹಾಗೆ ಇಡುವುದಿಲ್ಲ. ಸೀಟಿನಲ್ಲಿ ನೆಟ್ಟಗೆ ಕೂತರೆ ಎರಡೂ ಬದಿಯ ಕನ್ನಡಿಯಲ್ಲಿ ನನ್ನ ಕಾರು ಕಾಣುವುದೇ ಇಲ್ಲ. ಬೆಂಗಳೂರಿನ ಔಟರ್ ರಿಂಗ್ ರಸ್ತೆಯಲ್ಲಿ ದಿನಾ ಆಫೀಸಿಗೆ ಓಡಾಡುವ ನನಗೆ ಇದರಿಂದ ಸಿಕ್ಕಿರುವ ನೆಮ್ಮದಿ ದೊಡ್ಡದು. ಅದಕ್ಕೇ ಕಾರು ಕಲಿಯುತ್ತಿರುವವರು ಯಾರೇ ಸಿಕ್ಕರೂ ಕೂರಿಸಿ ತೋರಿಸುತ್ತೇನೆ.

ಇದು ಹಳೆಯ ವಿಚಾರವೇ. ಅಮೆರಿಕದ ಎಂಜಿನಿಯರ್ ಜಾರ್ಜ್ ಪ್ಲಾಟ್ಜರ್ 1995ರಲ್ಲಿ ಅಲ್ಲಿನ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ಮುಂದೆ ಇದರ ಲೆಕ್ಕಾಚಾರ ಇಟ್ಟಿದ್ದರು. ವಿಷಯ ಸರಳ. ನೇರ ಹಿಂದೆ ಏನಿದೆ ಅಂತ ತೋರಿಸಲು ಒಳಗಿನ ಕನ್ನಡಿ ಇದ್ದೇ ಇದೆ. ಹೊರಗಿನ ಎರಡು ಕನ್ನಡಿಗಳೂ ಅದೇ ಹಿಂಬದಿಯನ್ನೇ ತೋರಿಸುತ್ತಾ ಕೂತರೆ ಪಕ್ಕವನ್ನು ನೋಡುವವರು ಯಾರು? ಅವನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿದರೆ ಒಳಗಿನ ಕನ್ನಡಿ ಬಿಟ್ಟ ಜಾಗದಿಂದ ಅವುಗಳ ನೋಟ ಶುರುವಾಗುತ್ತದೆ. ಅಮೆರಿಕದಲ್ಲಿ ಓಡಿಸುವವರು ಎಡಗಡೆ ಕೂರುತ್ತಾರೆ, ನಾವು ಬಲಗಡೆ. ಹಾಗಾಗಿ ಅವರ ವಿಧಾನವನ್ನು ನಾನು ಎಡಬಲ ಮಾಡಿಕೊಂಡು ಬಳಸುತ್ತೇನೆ.

ಮೊದಲು ಸೀಟು. ಕಾಲಿಗೆ ಪೆಡಲ್, ಕೈಗೆ ಸ್ಟೀರಿಂಗ್ ಸರಿಯಾಗಿ ಸಿಗುವಂತೆ ಸೀಟು, ಬೆನ್ನು ಎಲ್ಲ ಕೂರಿಸಿಕೊಂಡ ಮೇಲೇ ಕನ್ನಡಿಗೆ ಕೈ ಹಾಕಬೇಕು. ಸೀಟು ಎರಡು ಬೆರಳು ಸರಿದರೂ ಕನ್ನಡಿಯ ನೋಟ ಬದಲಾಗುತ್ತದೆ. ನಮ್ಮನೆಯಲ್ಲಿ ಒಂದೇ ಕಾರನ್ನು ನಾನೂ ಹೆಂಡತಿಯೂ ಓಡಿಸುವುದರಿಂದ ಕೀ ತಿರುಗಿಸುವ ಮುಂಚೆ ಈ ಕೆಲಸ ಆಗಲೇಬೇಕು. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಸಿಗಬೇಕು, ನಾಲ್ಕು ಅಂಚೂ ಕಾಣಬೇಕು. ಹಿಂದೆ ಗೊಂಬೆ, ದಿಂಬು, ಬ್ಯಾಗು ಇಟ್ಟಿದ್ದರೆ ತೆಗೆದುಬಿಡಿ.

ಆಮೇಲೆ ಬಲಗಡೆಯದು. ತಲೆಯನ್ನು ಬಲಕ್ಕೆ ವಾಲಿಸಿ, ಕಿಟಕಿಯ ಗಾಜಿಗೆ ಇನ್ನೇನು ತಾಗುತ್ತದೆ ಅನ್ನುವಷ್ಟು ಹತ್ತಿರ ತನ್ನಿ. ಅಲ್ಲಿಂದ ನೋಡುತ್ತಾ ಕನ್ನಡಿಯನ್ನು ಹೊರಕ್ಕೆ ತಿರುಗಿಸುತ್ತಾ ಹೋಗಿ. ಕಾರಿನ ಹಿಂಬದಿಯ ಅಂಚು ಕಂಡೂ ಕಾಣದಂತೆ ಆದಾಗ ನಿಲ್ಲಿಸಿ. ನೆಟ್ಟಗೆ ಕೂತರೆ ಕಾರು ಮಾಯ, ಪಕ್ಕದ ಲೇನು ಹಾಜರ್. ಎಡಗಡೆಯದಕ್ಕೆ ತಲೆಯನ್ನು ಎರಡು ಸೀಟುಗಳ ನಡುವೆ, ಹ್ಯಾಂಡ್‌ಬ್ರೇಕಿನ ಮೇಲಕ್ಕೆ ತನ್ನಿ. ಅಲ್ಲಿಂದ ಎಡ ಅಂಚು ಒಂದು ಎಳೆಯಷ್ಟು ಕಂಡರೆ ಸಾಕು. ಮೇಲೆ ಕೆಳಗೆ ನೋಡಿದರೆ ದೂರದ ರಸ್ತೆ ಕನ್ನಡಿಯ ನಡುಮಟ್ಟಕ್ಕೆ ಬರಬೇಕು. ಆಕಾಶ ಜಾಸ್ತಿ ಕಂಡರೆ ಕನ್ನಡಿ ದಂಡ.

ಮೊದಲ ಒಂದೆರಡು ದಿನ ಕಸಿವಿಸಿ ಆಗುತ್ತದೆ. ಕಣ್ಣು ತನ್ನ ಕಾರನ್ನೇ ಹುಡುಕುತ್ತದೆ. ಅದಕ್ಕೇ ಹೊಸಬರಿಗೆ ನಾನು ರಸ್ತೆಗೆ ಇಳಿಯುವ ಮೊದಲೇ ನಿಂತ ಕಾರಿನಲ್ಲಿ ಪರೀಕ್ಷೆ ಮಾಡಿಸುತ್ತೇನೆ. ನನ್ನ ಕಾರಿಗೂ ಹಾಗೇ ಮಾಡಿದ್ದೆ. ಅಪಾರ್ಟ್‌ಮೆಂಟಿನ ಒಳಗಿನ ಖಾಲಿ ರಸ್ತೆಯಲ್ಲಿ ಕಾರು ನಿಲ್ಲಿಸಿ, ಅಕ್ಕನ ಮಗನಿಗೆ ಸ್ಕೂಟರನ್ನು ಆಫ್ ಮಾಡಿ ಹಿಂದಿನಿಂದ ಮೆಲ್ಲಗೆ ತಳ್ಳಿಕೊಂಡು ಬಾ ಅಂದೆ. ಮೊದಲು ಎಡಬದಿ. "ಮಾಮ, ಈಗ ಕಾಣ್ತಾ ಇದೀನಾ?" ಅಂತ ಅವನು ಹೆಜ್ಜೆಹೆಜ್ಜೆಗೂ ಕೇಳುತ್ತಿದ್ದ. ಒಳಗಿನ ಕನ್ನಡಿಯ ಎಡ ಅಂಚಿನಿಂದ ಸ್ಕೂಟರಿನ ಹ್ಯಾಂಡಲ್ ಜಾರುತ್ತಿದ್ದ ಹಾಗೇ ಅದೇ ಹ್ಯಾಂಡಲ್ ಎಡಗಡೆಯ ಕನ್ನಡಿಯಲ್ಲಿ ಮೂಡಿತು. ಸೈಡ್ ಮಿರರಿನಿಂದ ಅವನು ಹೊರಬೀಳುವಷ್ಟರಲ್ಲಿ ಮುಂದಿನ ಎಡ ಕಿಟಕಿಯ ಬಳಿ ಮುಂದಿನ ಚಕ್ರ ಕಣ್ಣಂಚಿಗೆ ಸಿಕ್ಕಿತು. ಆಮೇಲೆ ಕನ್ನಡಿಯನ್ನು ಹಳೆಯ ರೀತಿಗೆ, ಬಾಗಿಲಿನ ಹಿಡಿ ಕಾಣುವಂತೆ, ತಿರುಗಿಸಿ ಇನ್ನೊಮ್ಮೆ ತಳ್ಳಿಸಿದೆ. ಈ ಸಲ ಅವನು ಹಿಂಬಾಗಿಲಿನ ಪಕ್ಕದಲ್ಲಿ ಪೂರ್ತಿ ಸ್ಕೂಟರ್ ಸಮೇತ ನಿಂತಿದ್ದರೂ ಮೂರು ಕನ್ನಡಿಯಲ್ಲಿ ಒಂದರಲ್ಲೂ ಇರಲಿಲ್ಲ. ಅವನನ್ನೂ ಡ್ರೈವರ್ ಸೀಟಿನಲ್ಲಿ ಕೂರಿಸಿ ನಾನು ತಳ್ಳಿದೆ. ಸ್ಕೂಟರ್ ಓಡಿಸುವ ಹುಡುಗ ಅದನ್ನು ಒಳಗಿನಿಂದ ನೋಡಿದ್ದು ಒಳ್ಳೆಯದೇ ಆಯಿತು.

ಎಡಬದಿಯನ್ನೇ ಮೊದಲು ಪರೀಕ್ಷಿಸಲು ಕಾರಣ ಇದೆ. ಓವರ್‌ಟೇಕ್ ಬಲಗಡೆಯಿಂದ ಅಂತ ನಿಯಮ ಹೇಳುತ್ತದೆ. ಆದರೆ ನಿಧಾನವಾಗಿ ತೆವಳುವ ಟ್ರಾಫಿಕ್ಕಿನಲ್ಲಿ ಬೈಕುಗಳು ನುಸುಳುವುದು ಎಡಗಡೆಯಿಂದಲೇ. ಅದೂ ಅಲ್ಲದೆ ಎಡಗಡೆಯ ಕನ್ನಡಿ ನಮ್ಮ ಕಣ್ಣಿಂದ ದೂರ. ಒಂದೇ ಅಳತೆಯ ಕನ್ನಡಿ ದೂರವಾದಷ್ಟೂ ಅದರಲ್ಲಿ ಸಿಗುವ ಜಾಗ ಕಡಿಮೆ. ಈ ಕೊರತೆ ತುಂಬಲು ಕನ್ನಡಿ ಸ್ವಲ್ಪ ಉಬ್ಬಿರುತ್ತದೆ, ಉಬ್ಬಿದ ಕನ್ನಡಿಯಲ್ಲಿ ಗಾಡಿಗಳು ಚಿಕ್ಕದಾಗಿ, ಇರುವುದಕ್ಕಿಂತ ದೂರದಲ್ಲಿ ಇರುವಂತೆ ಕಾಣುತ್ತವೆ. ಒಳಗಿನದು ಚಪ್ಪಟೆ ಕನ್ನಡಿ. ಹಾಗಾಗಿ ಗಾಡಿ ಇದೆಯಾ ಇಲ್ಲವಾ ಅನ್ನುವುದನ್ನು ಸೈಡ್ ಮಿರರಿನಲ್ಲೂ, ಎಷ್ಟು ದೂರದಲ್ಲಿದೆ ಅನ್ನುವುದನ್ನು ಒಳಗಿನದರಲ್ಲೂ ನೋಡಿಕೊಳ್ಳುತ್ತೇನೆ. ಮೈಸೂರು ಹೆದ್ದಾರಿಯಲ್ಲಿ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ಆದರೆ ಕನ್ನಡಿಯಲ್ಲಿ ಚುಕ್ಕೆಯಂತಿದ್ದ ಕಾರು ನಾಲ್ಕು ಸಲ ಇಂಡಿಕೇಟರ್ ಮಿನುಗುವಷ್ಟರಲ್ಲಿ ಪಕ್ಕಕ್ಕೆ ಬಂದಿರುತ್ತದೆ.

ಕನ್ನಡಿ ಎಷ್ಟೇ ಚೆನ್ನಾಗಿ ಕೂತರೂ ಕತ್ತು ತಿರುಗಿಸುವುದನ್ನು ನಾನು ಬಿಟ್ಟಿಲ್ಲ. ಕನ್ನಡಿಗೂ ಕಿಟಕಿಗೂ ಸಿಗದೆ ಉಳಿಯುವ ಸಂದಿ ಕಾರಿಗೆ ಸಾಲದಿದ್ದರೂ ಬೈಕಿಗೆ ಸಾಕು. ಒಂದು ಮಾತು ಚೆನ್ನಾಗಿ ನೆನಪಿರಲಿ: ಜೋರಾಗಿ ಬರುವ ಬೈಕು ಆ ಕಾಣದ ಜಾಗವನ್ನು ಒಂದು ಕ್ಷಣದಲ್ಲಿ ದಾಟಿಬಿಡುತ್ತದೆ. ನಮ್ಮಷ್ಟೇ ವೇಗದಲ್ಲಿ ಪಕ್ಕದಲ್ಲೇ ಬರುತ್ತಿರುವವರು ಅಲ್ಲೇ ಉಳಿಯುತ್ತಾರೆ. ಕನ್ನಡಿಯಲ್ಲಿ ಈಗತಾನೇ ಕಂಡಿದ್ದ ಗಾಡಿ ಮುಂದೆಯೂ ಹೋಗಿಲ್ಲ, ಹಿಂದೆಯೂ ಇಲ್ಲ ಅಂದರೆ ಅದು ಪಕ್ಕದಲ್ಲೇ ಇದೆ.

ಲೇನ್ ಬದಲಿಸುವಾಗ ನಾನು ಮಾಡುವುದು ಹೀಗೆ. ಒಳಗಿನ ಕನ್ನಡಿ, ಬದಿಯ ಕನ್ನಡಿ, ಇಂಡಿಕೇಟರ್. ಸ್ವಲ್ಪ ಕಾಯುತ್ತೇನೆ. ಹಿಂದಿನವರಿಗೂ ಗೊತ್ತಾಗಬೇಕಲ್ವಾ? ಆಮೇಲೆ ಕತ್ತು ತಿರುಗಿಸಿ ಭುಜದಾಚೆ ಒಂದು ಸಲ ಕಣ್ಣು ಹಾಯಿಸಿ, ಸರಿಯುತ್ತೇನೆ. ತಿರುಗಬೇಕಾದ್ದು ಕತ್ತು ಮಾತ್ರ, ಎದೆ ತಿರುಗಿದರೆ ಕೈಯೂ ತಿರುಗಿ ಕಾರು ಆ ಕಡೆಗೇ ಎಳೆಯುತ್ತದೆ. ಹಿಂದಿನ ಕಿಟಕಿಯನ್ನು ದಿಟ್ಟಿಸಿ ನೋಡುವುದು ಬೇಡ, ಅಲ್ಲಿ ಏನಾದರೂ ಇದ್ದರೆ ಅಷ್ಟರಲ್ಲೇ ಗೊತ್ತಾಗುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಮುಂದಿನ ಗಾಡಿಗೆ ಅಂಟಿಕೊಂಡು ಹೋಗುತ್ತಿದ್ದರೆ ಕತ್ತು ತಿರುಗಿಸುವ ಹಾಗೇ ಇಲ್ಲ. ಮೊದಲು ಅಂತರ ಬಿಟ್ಟುಕೊಳ್ಳಿ.

ರಸ್ತೆ ಸೇರುವ ಕಡೆ ಕನ್ನಡಿಯನ್ನು ನೆಚ್ಚಿಕೊಂಡರೆ ಆಗುವುದಿಲ್ಲ. ಹೆಬ್ಬಾಳ ಫ್ಲೈಓವರನ್ನೇ ನೋಡಿ. ಕೆ.ಆರ್. ಪುರ ಕಡೆಯಿಂದ ಏರಿ ಬಂದವರು ಏರ್‌ಪೋರ್ಟ್ ಕಡೆಯಿಂದ ನಗರಕ್ಕೆ ಬರುವ ಗಾಡಿಗಳ ಜೊತೆ ಸೇರಬೇಕು. ಸೇರುವಾಗ ನಮ್ಮ ಕಾರು ಓರೆಯಾಗಿರುತ್ತದೆ. ಕಾರು ಓರೆಯಾದರೆ ಕನ್ನಡಿಯೂ ಓರೆ, ಅದು ತೋರಿಸುವುದು ಬೇರೆ ಎಲ್ಲಿಯದನ್ನೋ. ಅಲ್ಲಿ ಬಲಕ್ಕೆ ಕತ್ತು ತಿರುಗಿಸಿ ನೋಡದೆ ಬೇರೆ ದಾರಿ ಇಲ್ಲ. ಬಸ್ಸು, ಲಾರಿ ಪಕ್ಕದಲ್ಲಿದ್ದರೆ ಅವರ ಕನ್ನಡಿಯಲ್ಲಿ ಡ್ರೈವರ್ ಮುಖ ನನಗೆ ಕಾಣುತ್ತಿದೆಯಾ ಅಂತ ನೋಡುತ್ತೇನೆ. ಕಾಣದಿದ್ದರೆ ಅವರಿಗೂ ನಾನು ಕಾಣುತ್ತಿಲ್ಲ. ಮುಂದೆ ಹೋಗುತ್ತೇನೆ, ಇಲ್ಲವೇ ಹಿಂದೆ ಉಳಿಯುತ್ತೇನೆ, ಪಕ್ಕದಲ್ಲಂತೂ ಇರುವುದಿಲ್ಲ.

ಮುಂದಿನ ಗಾಜಿನ ಪಕ್ಕದ ಕಂಬಗಳೂ ಒಂದಿಡೀ ಮನುಷ್ಯನನ್ನು ಮುಚ್ಚಿಬಿಡುತ್ತವೆ. ತಿರುವಿನಲ್ಲಿ ತಲೆಯನ್ನು ಸ್ವಲ್ಪ ಮುಂದಕ್ಕೆ, ಹಿಂದಕ್ಕೆ ಆಡಿಸಿದರೆ ಕಂಬದ ಹಿಂದಿದ್ದವರು ಕಾಣಿಸುತ್ತಾರೆ.

ಕನ್ನಡಿ ಇಷ್ಟು ಹೊರಕ್ಕಿಟ್ಟರೆ ಪಾರ್ಕ್ ಮಾಡೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಕನ್ನಡಿ ಕೂರಿಸುವಾಗ ಎಲ್ಲಿ ವಾಲಿದ್ದೆವೋ ಅಲ್ಲಿಗೇ ತಲೆ ವಾಲಿಸಿದರೆ ಕಾರಿನ ಬದಿ ಮತ್ತೆ ಕಾಣುತ್ತದೆ. ಅದಕ್ಕಾಗಿ ಕನ್ನಡಿ ಮುಟ್ಟಬೇಕಿಲ್ಲ. ಮೂಲೆಗೆ ಅಂಟಿಸುವ ಸಣ್ಣ ದುಂಡು ಕನ್ನಡಿ ಹಾಕಿ ನೋಡಿದ್ದೇನೆ. ಚರಂಡಿ ಅಂಚು, ಕಲ್ಲು ನೋಡಲು ಪರವಾಗಿಲ್ಲ. ಓಡುವ ಟ್ರಾಫಿಕ್ಕಿನಲ್ಲಿ ಅದರೊಳಗಿನ ಬೈಕು ಕಾಳಿನಷ್ಟು ಚಿಕ್ಕದು, ಸಾಲದ್ದಕ್ಕೆ ದೊಡ್ಡ ಕನ್ನಡಿಯ ಒಂದು ಮೂಲೆಯನ್ನೂ ತಿನ್ನುತ್ತದೆ. ತೆಗೆದುಬಿಟ್ಟೆ. ಇಕ್ಕಟ್ಟಿನ ಗಲ್ಲಿಯಲ್ಲಿ ಎಡಗನ್ನಡಿ ಮಡಚಿದವರು ಮುಖ್ಯ ರಸ್ತೆಗೆ ಬಂದ ಮೇಲೂ ಹಾಗೇ ಹೋಗುವುದನ್ನು ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಮಳೆಗಾಲದಲ್ಲಿ ಬಾಗಿಲ ಜೇಬಿನಲ್ಲಿ ಒಂದು ಹತ್ತಿಬಟ್ಟೆ ಇರಲಿ, ಸಿಗ್ನಲ್ಲಿನಲ್ಲಿ ಕನ್ನಡಿ ಒರೆಸಿಕೊಳ್ಳಬಹುದು.

ಕಾರು ನಿಂತ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಬಲಗಡೆಯ ಬಾಗಿಲನ್ನು ನಾನು ಎಡಗೈಯಿಂದ ತೆರೆಯುತ್ತೇನೆ. ಎಡಗೈ ಆ ಹಿಡಿಯವರೆಗೆ ಹೋಗಬೇಕಾದರೆ ಮೈ ತಾನಾಗಿ ಬಲಕ್ಕೆ ತಿರುಗುತ್ತದೆ, ಕಣ್ಣು ಕನ್ನಡಿಯನ್ನೂ ಹಿಂದಿನ ರಸ್ತೆಯನ್ನೂ ನೋಡಿಬಿಡುತ್ತದೆ. ನೆದರ್ಲೆಂಡ್ಸ್‌ನಲ್ಲಿ ಸೈಕಲ್ಲಿನವರ ಸಲುವಾಗಿ ಇದನ್ನು ರೂಢಿ ಮಾಡಿಸುತ್ತಾರೆ. ನಮ್ಮಲ್ಲಿ ಸೈಕಲ್ಲಿನ ಜೊತೆಗೆ ಡೆಲಿವರಿ ಹುಡುಗರ ಬೈಕುಗಳೂ ಇವೆ. ಹಿಂದೆ ಕೂತ ಮಕ್ಕಳು ಎಡಗಡೆಯಿಂದಲೇ ಇಳಿಯಬೇಕು, ಅದೂ ನಾನು ಎಡಗನ್ನಡಿ ನೋಡಿ "ಹ್ಞೂಂ, ಇಳೀರಿ" ಅಂದ ಮೇಲೆ. ಅಲ್ಲಿಯವರೆಗೆ ಬಾಗಿಲು ಲಾಕ್ ಆಗೇ ಇರುತ್ತದೆ.